ಗೋಗ್ರಾಸವೂ ಗೋವಿನ ಹೊಟ್ಟೆಯೂ

ದಿಲ್ಲಿಗೆ ಬಂದು ನೆಲೆಸಿದ ನಾವು ಇಲ್ಲಿಯವರಿಂದ ಕಲಿತ ಒಳ್ಳೆಯ ಅಭ್ಯಾಸಗಳಲ್ಲಿ ಮೊದಲ ರೊಟ್ಟಿಯನ್ನು ಹಸುವಿಗೆಂದು ಎತ್ತಿಡುವುದೂ ಒಂದು. ಗೋಗ್ರಾಸ ನಮಗೇನೂ ಹೊಸದಲ್ಲ. ಆದರೆ ಊರಿನಲ್ಲಿ ಗ್ರಾಸ ಎಂದರೆ ಒಂದು ತುತ್ತು. ಜನಕಪುರಿಯ ನಮ್ಮ ಬ್ಲಾಕಿನಲ್ಲಿ ಮನೆಗೊಂದು ರೊಟ್ಟಿಯಂತೆ ಕೊಟ್ಟರೂ ಮನೆಗಳು ನಲವತ್ತು, ಹಸು ಒಂದೇ. ಪಿತೃಪಕ್ಷವೋ ಗೋವರ್ಧನ ಪೂಜೆಯೋ ಬಂದರಂತೂ ಪೂರಿ, ಹಲ್ವ, ಖೀರುಗಳ ಸಮಾರಾಧನೆ. ಪುಣ್ಯವನ್ನು ನಲವತ್ತು ಮನೆಯವರೂ ಬೇರೆ ಬೇರೆ ಬರೆದುಕೊಳ್ಳುತ್ತಾರೆ. ಹೊಟ್ಟೆಯ ಲೆಕ್ಕ ಮಾತ್ರ ಒಂದೇ ಕಡೆ ಕೂಡುತ್ತಾ ಹೋಗುತ್ತದೆ.

ಆ ಹೊಟ್ಟೆಯ ಸಂಗತಿ ಸ್ವಾರಸ್ಯವಾದದ್ದು. ಹಸುವಿನ ಜಠರಕ್ಕೆ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ನೂರು ಲೀಟರಿಗೂ ಮೀರಿ ಹಿಡಿಯುವ ಹುದುಗಿನ ಹಂಡೆ. ಅದರ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಹುಲ್ಲಿನ ನಾರನ್ನು ಜೀರ್ಣಿಸುವ ಶಕ್ತಿ ಹಸುವಿಗೆ ಸ್ವತಃ ಇಲ್ಲ. ಆ ಕೆಲಸ ಈ ಜೀವಾಣುಗಳದು. ಅವು ನಾರನ್ನು ಒಡೆದು ಮಾಡುವ ಆಮ್ಲಗಳೇ ಹಸುವಿಗೆ ಶಕ್ತಿ. ಕೊನೆಗೆ ಆ ಜೀವಾಣುಗಳೇ ಮುಂದಿನ ಕೋಣೆಗಳಿಗೆ ಹರಿದುಹೋಗಿ, ಜೀರ್ಣವಾಗಿ, ಹಸುವಿಗೆ ಪ್ರೋಟೀನು ಆಗುತ್ತವೆ. ಅಂದರೆ ನಾವು ಮೇವು ಹಾಕುವುದು ಹಸುವಿಗಲ್ಲ, ಅದರೊಳಗಿನ ಈ ದೊಡ್ಡ ಸಂಸಾರಕ್ಕೆ.

ಈ ಸಂಸಾರ ಬಹಳ ಸೂಕ್ಷ್ಮ. ಹುಲ್ಲು ತಿಂದ ಹಸು ಗಂಟೆಗಟ್ಟಲೆ ಮೆಲುಕು ಹಾಕುತ್ತದೆ. ಆಗ ದಿನಕ್ಕೆ ನೂರು ಲೀಟರಿನಷ್ಟು ಜೊಲ್ಲು ಸುರಿದು, ಅದರಲ್ಲಿರುವ ಸೋಡಾದ ಅಂಶ ಹಂಡೆಯ ಹುಳಿಯನ್ನು ತಗ್ಗಿಸುತ್ತದೆ. ರೊಟ್ಟಿ, ಅನ್ನ, ಪೂರಿಗಳಿಗೆ ಮೆಲುಕು ಬೇಕಿಲ್ಲ, ಜೊಲ್ಲೂ ಇಲ್ಲ. ಪಿಷ್ಟ ಒಮ್ಮೆಲೇ ಹುದುಗಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ನಾರು ಒಡೆಯುವ ಜೀವಾಣುಗಳು ಸಾಯುತ್ತವೆ, ಹೊಟ್ಟೆಯ ಒಳಗೋಡೆ ಬೇಯುತ್ತದೆ, ಮೈಯ ನೀರೆಲ್ಲ ಒಳಕ್ಕೆ ಸೆಳೆದುಕೊಳ್ಳುತ್ತದೆ. ಒಂದೆರಡು ದಿನದೊಳಗೆ ಹಸು ನೆಲ ಹಿಡಿಯಬಹುದು. 2024ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಪರೋಟ ಮತ್ತು ಹಲಸಿನಹಣ್ಣನ್ನು ಅತಿಯಾಗಿ ತಿಂದು ಐದು ಹಸುಗಳು ಸತ್ತವು. ಅವು ಬೀದಿಯ ಹಸುಗಳಲ್ಲ, ಪ್ರೀತಿಯಿಂದ ಸಾಕಿದವು.

ಇದನ್ನು ಹೇಳಿದಾಗ ನೆರೆಯ ಮಹನೀಯರೊಬ್ಬರು, "ಈಗ ಪ್ರೋಬಯಾಟಿಕ್ ಪುಡಿ ಸಿಗುತ್ತದಲ್ಲ, ಹಲ್ವಕ್ಕೆ ಬೆರೆಸಿದರಾಯಿತು" ಎಂದರು. ಪುಡಿ ಸಿಗುವುದೇನೋ ನಿಜ. ಪ್ರೋಬಯಾಟಿಕ್ ಎಂದರೆ ಒಳ್ಳೆಯ ಜೀವಾಣುಗಳನ್ನೇ ತಿನ್ನಿಸುವುದು. ಪ್ರೀಬಯಾಟಿಕ್ ಎಂದರೆ ಒಳಗಿರುವ ಒಳ್ಳೆಯವಕ್ಕೆ ಊಟ ಹಾಕುವುದು. ಹಸುಗಳಿಗೆ ಹೆಚ್ಚಾಗಿ ಕೊಡುವುದು ಯೀಸ್ಟ್, ಬ್ರೆಡ್ಡು ಉಬ್ಬಿಸುವ ಯೀಸ್ಟಿನ ಕುಲವೇ. ಅದು ಹಂಡೆಯೊಳಗೆ ನುಸುಳುವ ಆಮ್ಲಜನಕವನ್ನು ಹೀರಿ, ಲ್ಯಾಕ್ಟಿಕ್ ಆಮ್ಲವನ್ನು ಉಣ್ಣುವ ಜೀವಾಣುಗಳಿಗೆ ಒತ್ತಾಸೆಯಾಗುತ್ತದೆ. ಕಾಯಿಲೆ ಬಿದ್ದ ಹಸುವಿಗೆ ಆರೋಗ್ಯವಂತ ಹಸುವಿನ ರೂಮೆನ್ ರಸ ತೆಗೆದು ಕುಡಿಸುವ ಚಿಕಿತ್ಸೆಯನ್ನೂ ಪಶುವೈದ್ಯರು ಮಾಡುತ್ತಾರೆ. ಇವೆಲ್ಲ ಸರಿಯಾದ ಮೇವಿನ ಜೊತೆಗೆ ನಡೆಯಬೇಕಾದ ಉಪಚಾರಗಳೇ ಹೊರತು ಪೂರಿ-ಹಲ್ವಕ್ಕೆ ಪರವಾನಗಿಯಲ್ಲ. ಬೆಳೆದ ಹಸುವಿಗೆ ಎಲ್ಲಕ್ಕೂ ಮಿಗಿಲಾದ ಪ್ರೀಬಯಾಟಿಕ್ ಎಂದರೆ ಹುಲ್ಲೇ.

ನಮ್ಮ ಹಿರಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ; ಅಳತೆ ಗೊತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ತೌಡು ಸೇರಿದ ಕಲಗಚ್ಚನ್ನು ನಿತ್ಯವೂ ಅಷ್ಟಷ್ಟೇ ಇಡುತ್ತಿದ್ದರು. ಹೊಟ್ಟೆ ತುಂಬಿಸಲು ರಾಗಿ ಹುಲ್ಲೋ, ಭತ್ತದ ಹುಲ್ಲೋ, ಉತ್ತರ ಕರ್ನಾಟಕದವರಾದರೆ ಜೋಳದ ಕಣಿಕೆಯೋ ಇರುತ್ತಿತ್ತು. ಮೇವು ಬದಲಿಸಬೇಕಾದರೂ ನಾಲ್ಕು ದಿನ ಹಳೆಯದರೊಡನೆ ಬೆರೆಸಿಯೇ ಕೊಡುತ್ತಿದ್ದರು. ಹೊಸ ಮೇವಿಗೆ ಒಗ್ಗಲು ಜೀವಾಣುಗಳಿಗೆ ಕಾಲ ಬೇಕೆಂದು ವಿಜ್ಞಾನ ಹೇಳುವುದೂ ಇದನ್ನೇ.

ಈ ವಿಜ್ಞಾನಕ್ಕೂ ಕನ್ನಡ ನಾಡಿಗೂ ಹಳೆಯ ನಂಟು. 1923ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಪೀರಿಯಲ್ ಸಂಸ್ಥೆಯೇ ಮುಂದೆ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಾಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಗೋಪಾಲನೆಯ ಪಾಠ ಕೇಳಿದ್ದರು. ನಮ್ಮಂಥ ಕೇಂದ್ರ ಸರ್ಕಾರಿ ನೌಕರರ ಹಾಗೆ ಅದಕ್ಕೂ 1955ರಲ್ಲಿ ಉತ್ತರಕ್ಕೆ ವರ್ಗವಾಗಿ, ಮುಖ್ಯ ಕಚೇರಿ ಕರ್ನಾಲಿಗೆ ಬಂತು. ಆಡುಗೋಡಿಯಲ್ಲಿ ಶಾಖೆ ಉಳಿಯಿತು. ಅದೇ ಆಡುಗೋಡಿಯಲ್ಲಿ 1995ರಿಂದ ಪಶುಗಳ ಪೋಷಣೆಗೆಂದೇ ಬೇರೊಂದು ರಾಷ್ಟ್ರೀಯ ಸಂಸ್ಥೆಯೂ ಇದೆ.

ಇನ್ನೊಂದು ಮಾತು. ರೊಟ್ಟಿಯನ್ನು ಪಾಲಿಥಿನ್ ಚೀಲದಲ್ಲಿ ಗಂಟು ಕಟ್ಟಿ ಇಡುವವರಿದ್ದಾರೆ. ಹಸುವಿಗೆ ಗಂಟು ಬಿಚ್ಚಲು ಕೈಯಿಲ್ಲ, ಚೀಲವನ್ನೂ ನುಂಗುತ್ತದೆ. ಅದು ಕರಗದೆ, ಮುಂದೆಯೂ ಹೋಗದೆ ರೂಮೆನ್‌ನಲ್ಲಿ ಸುತ್ತಿಕೊಳ್ಳುತ್ತದೆ. ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದ ಉದಾಹರಣೆಗಳುಂಟು. ಯಾವ ಪುಡಿಯೂ ಇದಕ್ಕೆ ಮದ್ದಲ್ಲ.

ಆದ್ದರಿಂದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಗೋಗ್ರಾಸ ಬಿಡುವುದು ಬೇಡ, ಅದು ಗ್ರಾಸವಾಗಿಯೇ ಇರಲಿ. ನಾಲ್ಕಾರು ಮನೆಗಳವರು ಸೇರಿ ದಿನಕ್ಕೊಬ್ಬರ ಸರದಿ ಮಾಡಿಕೊಳ್ಳೋಣ. ಹಬ್ಬದ ದಿನ ಪೂರಿಯ ಬದಲು ಒಂದು ಕಟ್ಟು ಹಸಿಮೇವು ತರೋಣ. ಸಿಪ್ಪೆ ಸೊಪ್ಪುಗಳನ್ನು ಚೀಲದಿಂದ ಸುರಿದು, ಖಾಲಿ ಚೀಲವನ್ನು ಮನೆಗೇ ಒಯ್ಯೋಣ. ಹಸುವಿನ ಹಣೆಗೆ ಕುಂಕುಮವಿಡುವ ಕೈ ಅದರ ಹೊಟ್ಟೆಯನ್ನೂ ಸ್ವಲ್ಪ ನೆನೆಯಲಿ.