ಕೆರೆಯ ದಂಡೆಯಲ್ಲೊಂದು ಮನೆ

ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದದ್ದು 2019ರಲ್ಲಿ. ಬೀಳ್ಕೊಡುಗೆಯ ಸಭೆಯಲ್ಲಿ ವಾಡಿಕೆಯಂತೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿಯೊಂದನ್ನು ಕೈಗಿತ್ತರು. ಇಷ್ಟು ವರ್ಷ ಮಕ್ಕಳಿಗೆ ಸಂಧಿ ಸಮಾಸಗಳನ್ನು ಉರು ಹೊಡೆಸಿದವನು ಇನ್ನು ಮುಂದೆ ಏನು ಮಾಡುತ್ತಾನೆಂಬುದು ಎಲ್ಲರ ಕುತೂಹಲ. ಒಬ್ಬರು, “ಕಾದಂಬರಿ ಬರೆಯುತ್ತಾರೆ” ಎಂದರು. ಇನ್ನೊಬ್ಬರು, “ಕಾಶಿಯಾತ್ರೆ ಮಾಡುತ್ತಾರೆ” ಎಂದರು. ನಾನು ಎದ್ದು ನಿಂತು, “ಮೀನು ಹಿಡಿಯುತ್ತೇನೆ” ಎಂದೆ. ಸಭೆಯೆಲ್ಲ ನಕ್ಕಿತು. ನಾನು ವಿನೋದಕ್ಕೆ ಹೇಳಿದೆನೆಂದು ಅವರು ಭಾವಿಸಿದ್ದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿ ಮಾತ್ರ ನಗಲಿಲ್ಲ. ಮಾತು ನಿಜವೆಂಬುದು ಆಕೆಗೆ ಗೊತ್ತಿತ್ತು.

ನಮ್ಮ ಮನೆಯಿರುವುದು ಮಾಕಳಿಯಲ್ಲಿ. ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗವಲ್ಲ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲಕ್ಕೆ ಮೊದಲು ಸಿಕ್ಕುವ ಮಾಕಳಿ. ಸೇವೆಯಲ್ಲಿದ್ದಾಗ ಸಾಲ ಮಾಡಿ ಇಲ್ಲಿ ಮನೆ ಕಟ್ಟಿಸಿದೆ. ಆಗ ಸುತ್ತಲೂ ರಾಗಿಯ ಹೊಲಗಳಿದ್ದವು. ಈಗ ಹಗಲೂ ರಾತ್ರಿಯೂ ಲಾರಿಗಳ ಓಡಾಟ. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಪಕ್ಕದ ಮಾದಾವರದವರೆಗೆ ಬಂದುಬಿಟ್ಟಿತು. ಇದೆಲ್ಲ ಅನುಕೂಲವೇ ಸರಿ. ಆದರೆ ಮುಪ್ಪಿನಲ್ಲಿ ಮನುಷ್ಯನ ಕಿವಿಗೆ ಲಾರಿಯ ಸದ್ದಿಗಿಂತ ನೀರಿನ ಸದ್ದು ಹಿತವಲ್ಲವೆ? ಈ ಮನೆಯನ್ನು ಮಾರಿ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಎರಡು ಕೋಣೆಯ ಮನೆ ಮಾಡಬೇಕು. ಬೆಳಗ್ಗೆ ಗಾಳ ಹಾಕಿ ಕೂರಬೇಕು. ಸಂಜೆ ಪುಟ್ಟ ದೋಣಿಯಲ್ಲಿ ಸುತ್ತಿ ಬರಬೇಕು. ಇದು ನನ್ನ ಬಹುಕಾಲದ ಆಸೆ.

ಈ ಹುಚ್ಚನ್ನು ನನಗೆ ಹಿಡಿಸಿದವರು ನನ್ನ ಸೋದರಮಾವ. ಹೆಸರಘಟ್ಟದ ಕೆರೆಯ ಹಿನ್ನೀರಿಗೆ ಸಮೀಪದ ಒಂದು ಹಳ್ಳಿ ಅವರದು. ಬೇಸಿಗೆಯ ರಜೆ ಬಂದಿತೆಂದರೆ ನಾನು ಅಲ್ಲಿರುತ್ತಿದ್ದೆ. ಆ ಕೆರೆಯನ್ನು ಕಟ್ಟಿದ್ದು 1894ರಲ್ಲಿ, ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾಗಿದ್ದಾಗ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿಗೆ ಅಡ್ಡಲಾಗಿ ಏರಿ ಹಾಕಿ, ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟರು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಹರಿದು ಸೋಲದೇವನಹಳ್ಳಿಗೆ ಬಂದರೆ, ಅಲ್ಲಿಂದ ಅದನ್ನು ಉಗಿಯಂತ್ರಗಳು ಎತ್ತಿ ನಗರದ ಕಡೆಗೆ ದೂಡುತ್ತಿದ್ದವು. 1933ರಲ್ಲಿ ಇದೇ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯವಾಯಿತು. ಕಾವೇರಿಯ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅಲ್ಲಿಯವರೆಗೆ ಆ ಮಹಾನಗರದ ಬಾಯಾರಿಕೆಗೆ ನಮ್ಮ ಈ ಸಣ್ಣ ಹೊಳೆಯೇ ದಿಕ್ಕಾಗಿತ್ತು.

ಮಾವ ಕೆರೆಗೆ ಹೋದೊಡನೆ ಗಾಳ ಬಿಚ್ಚುತ್ತಿರಲಿಲ್ಲ. ಮೊದಲು ಏರಿಯ ಮೇಲೆ ನಿಂತು, ಒಳಮೈಗೆ ಹೊದಿಸಿದ ಕಲ್ಲುಗಳನ್ನು ನೋಡುತ್ತಿದ್ದರು. ಮೇಲಿನಿಂದ ನೀರಿನವರೆಗೆ ಎಷ್ಟು ಸಾಲು ಕಲ್ಲು ಒಣಗಿವೆಯೆಂದು ನನ್ನಿಂದ ಎಣಿಸಿಸುತ್ತಿದ್ದರು. “ಹದಿನಾರು” ಎಂದರೆ, “ಹೋದ ವಾರ ಹದಿನೈದಿತ್ತು. ಕೆರೆ ಒಂದು ಸಾಲು ಇಳಿಯಿತು” ಎನ್ನುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆ ಕಲ್ಲಿನ ಸಾಲುಗಳೇ ಅವರು ಓದುವ ಪುಸ್ತಕವಾಗಿದ್ದವು. ಇದಾದ ಮೇಲೆಯೇ ಹಿನ್ನೀರಿನ ಕಡೆಗೆ ನಮ್ಮ ನಡಿಗೆ.

ಗಾಳವೆಂದರೆ ಈಗಿನ ಅಂಗಡಿಗಳಲ್ಲಿ ದೊರೆಯುವ ರಾಟೆ ಹಚ್ಚಿದ ಕೋಲಲ್ಲ. ಮೆಳೆಯಿಂದ ಕಡಿದು ಬೆಂಕಿಯಲ್ಲಿ ಕಾಯಿಸಿ ನೇರ ಮಾಡಿದ ಬಿದಿರು, ಅದಕ್ಕೊಂದು ದಾರ, ತುದಿಯಲ್ಲಿ ಕೊಕ್ಕೆ, ಕೊಕ್ಕೆಗೆ ಸ್ವಲ್ಪ ಮೇಲೆ ಚೂರು ಸೀಸ, ಇನ್ನೂ ಮೇಲೆ ನವಿಲುಗರಿಯ ಕಡ್ಡಿಯ ಬೆಂಡು. ಕೊಕ್ಕೆಗೆ ಎರೆಹುಳು, ಅದಿಲ್ಲದಿದ್ದರೆ ರಾತ್ರಿ ಉಳಿದ ರಾಗಿಮುದ್ದೆ. ಬೆಂಡಿನ ಕುಣಿತವನ್ನು ನೋಡಿ ಮೀನಿನ ಜಾತಿ ಹೇಳುವುದನ್ನು ಮಾವ ಕಲಿಸಿದರು. ಸಣ್ಣ ಗೆಂಡೆಗಳು ಬಂದರೆ ಬೆಂಡು ಚಳಿ ಹಿಡಿದವರಂತೆ ನಡುಗುತ್ತದೆ; ಎಳೆದರೆ ಹುಳುವೂ ಇಲ್ಲ, ಮೀನೂ ಇಲ್ಲ. ಕೊರಮೀನು ಹಾಗಲ್ಲ. ಅದು ಬೆಂಡನ್ನು ಒಮ್ಮೆಗೇ ಒಳಕ್ಕೆ ಒಯ್ಯುತ್ತದೆ. ಆಗ ಅವಸರ ಮಾಡದೆ, ಮನಸ್ಸಿನಲ್ಲಿ ಮೂರು ಎಣಿಸಿ ಎಳೆಯಬೇಕು.

ಒಂದು ದಿನ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪನೆಯ ಗುಂಪೊಂದು ಕಾಣಿಸಿತು. ಅವು ಕೊರಮೀನಿನ ಮರಿಗಳು. ಕೆಳಗೆ ತಾಯಿಯೋ ತಂದೆಯೋ ಕಾವಲಿತ್ತು. ದೊಡ್ಡ ಮೀನು ಅಲ್ಲೇ ಇದೆಯೆಂದು ನಾನು ಆ ಕಡೆಗೆ ಗಾಳ ಬೀಸಿದೆ. ಮಾವ ಕೋಲನ್ನು ಕಿತ್ತುಕೊಂಡು, “ಹೋಗು, ಮನೆಗೆ ನಡೆ” ಎಂದರು. ದಾರಿಯುದ್ದಕ್ಕೂ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, “ಅದನ್ನು ಹಿಡಿದರೆ ಆ ಮರಿಗಳನ್ನು ಸಂಜೆಯೊಳಗೆ ಬೇರೆ ಮೀನು ತಿಂದುಬಿಡುತ್ತವೆ ಕಣೋ. ಮುಂದಿನ ವರ್ಷ ನೀನು ಬಂದಾಗ ಏನು ಹಿಡಿಯುತ್ತಿ?” ಎಂದರು. ಅಂದು ಸಾರಿನಲ್ಲಿ ಮೀನಿರಲಿಲ್ಲ, ಹುರುಳಿಯಿತ್ತು.

ಹರಿಗೋಲು ಹಾಕುವುದನ್ನೂ ಅಲ್ಲೇ ಕಲಿತೆ. ಬಲೆ ಹಾಕುವವರ ಹರಿಗೋಲೊಂದು ಹಿನ್ನೀರಿನಲ್ಲಿತ್ತು. ದುಂಡನೆಯ ಆ ಬುಟ್ಟಿಗೆ ಮುಂದು ಹಿಂದು ಎಂಬುದಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಅದು ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ಎದುರಿನ ನೀರನ್ನು ನಮ್ಮ ಕಡೆಗೆ ಸೆಳೆದುಕೊಂಡರೆ ಮಾತ್ರ ಮುಂದೆ ಸಾಗುತ್ತದೆ. ಇದು ನನ್ನ ತಲೆಗೆ ಹೋಗಲು ಒಂದು ಇಡೀ ರಜೆ ಬೇಕಾಯಿತು.

ಹೀಗಿರಲು, ನಿವೃತ್ತಿಯ ಮರುದಿನವೇ ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿ, ನೀಲಿ ಬಣ್ಣವಿದ್ದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಮಾಡತೊಡಗಿದೆ. ನನ್ನ ಹೆಂಡತಿ ಕಾಫಿ ತಂದಿಟ್ಟು, “ಎಲ್ಲಿಗಾದರೂ ಬರುತ್ತೇನೆ. ಆದರೆ ಅರ್ಧ ಗಂಟೆಯಲ್ಲಿ ಡಾಕ್ಟರು ಸಿಕ್ಕಬೇಕು, ಮೊಮ್ಮಗಳು ಬಸ್ಸಿನಲ್ಲಿ ಬಂದು ಹೋಗುವಂತಿರಬೇಕು, ಮೀನನ್ನು ನೀವೇ ಹೆರೆಯಬೇಕು” ಎಂದಳು. ಮೂರನೆಯ ನಿಬಂಧನೆಯೇ ಅತ್ಯಂತ ಕಠಿಣವಾದುದೆಂದು ಈಗಲೂ ನನ್ನ ಅಭಿಪ್ರಾಯ.

ಬೆಂಗಳೂರಿನ ಕೆರೆಗಳ ಮೇಲೆ ಗುರುತು ಹಾಕಲಿಲ್ಲ. ಹಲಸೂರಿನ ಕೆರೆಯಲ್ಲಿ ದೋಣಿವಿಹಾರವೇನೋ ಉಂಟು. ಆದರೆ 2016ರಲ್ಲಿ ಅಲ್ಲಿ ಸಾವಿರಾರು ಮೀನುಗಳು ಉಸಿರುಗಟ್ಟಿ ಸತ್ತು ತೇಲಿದುದನ್ನು ಪತ್ರಿಕೆಯಲ್ಲಿ ನೋಡಿದ್ದೆ. ಅಂಥ ನೀರಿಗೆ ಗಾಳ ಹಾಕುವ ಮನಸ್ಸು ಬರಲಿಲ್ಲ. ದೊಡ್ಡ ಬೇಟೆಯ ಆಸೆಯೂ ನನಗಿರಲಿಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಶೀರ್ ಮೀನನ್ನು ಗಾಳದಿಂದ ಹಿಡಿದರಂತೆ. ಅಂಥದ್ದು ಸಿಕ್ಕಿದ್ದರೆ ನಾನು ಮೀನನ್ನು ಹಿಡಿಯುತ್ತಿರಲಿಲ್ಲ, ಮೀನೇ ನನ್ನನ್ನು ಹಿಡಿದುಕೊಂಡು ಹೋಗುತ್ತಿತ್ತು!

ಮೊದಲು ಹೋದದ್ದು ಮಾರಿಕಣಿವೆಗೆ, 2020ರ ಜನವರಿಯಲ್ಲಿ. ನಮ್ಮ ಮನೆಯ ಮುಂದಿನ ಹೆದ್ದಾರಿಯಲ್ಲೇ ಸಾಗಿದರೆ ತುಮಕೂರು, ಶಿರಾ, ಆಮೇಲೆ ಹಿರಿಯೂರು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು 1907ರಲ್ಲಿ ಮುಗಿಸಿದ ಈ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದಿತ್ತು. ಎರಡನೆಯ ಬಾರಿ ತುಂಬಿದ್ದು 2022ರಲ್ಲಿ. ನಡುವೆ 89 ವರ್ಷ! ಸ್ಥಳ ರಮ್ಯವಾದುದು. ಅಲ್ಲಿ ಬಲೆ ಒಣಗಿಸುತ್ತಿದ್ದ ಒಬ್ಬರೊಡನೆ ನನ್ನ ಆಸೆಯನ್ನು ಹೇಳಿಕೊಂಡೆ. ಅವರು ಬಲೆಯಿಂದ ಕಣ್ಣೆತ್ತದೆ, “ಒಂದು ಗಾಳಕ್ಕೆ ಯಾರೂ ಬೇಡ ಅನ್ನೋದಿಲ್ಲ ಸ್ವಾಮಿ. ಆದರೆ ನಾವು ದುಡ್ಡು ಕಟ್ಟಿರುತ್ತೇವೆ, ಮರಿ ಬಿಟ್ಟಿರುತ್ತೇವೆ. ನಿಮಗೆ ಅದು ಹೊತ್ತು ಹೋಗೋ ಕೆಲಸ” ಎಂದರು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ದೊಡ್ಡ ಕೆರೆಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆಯದು, ಚಿಕ್ಕವುಗಳದು ಪಂಚಾಯಿತಿಯದು. ಅವರಿಂದ ಗುತ್ತಿಗೆ ಹಿಡಿದು ಕಟ್ಲ, ರೋಹು, ಗೆಂಡೆಗಳ ಮರಿಗಳನ್ನು ಬಿತ್ತಿ ಬೆಳೆಸುವವರಿದ್ದಾರೆ. ರೈತನ ಹೊಲದಲ್ಲಿ ಅವರೆಕಾಯಿ ಕಿತ್ತರೆ ಕಳವು, ಕೆರೆಯಲ್ಲಿ ಮೀನು ಹಿಡಿದರೆ ವಿನೋದ ಎಂದು ನಾನು ತಿಳಿದಿದ್ದುದು ಹೇಗೆ? ಅಂದು ಗಾಳದ ಚೀಲವನ್ನು ಬಿಚ್ಚದೆ ಹಿಂದಿರುಗಿದೆ. ಹೆಂಡತಿ ಪೇಟೆಯಲ್ಲಿ ಎರಡು ಕಿಲೋ ಮೀನನ್ನು ದುಡ್ಡು ಕೊಟ್ಟು ಕೊಂಡಳು. ಹೆರೆದವನು ನಾನು.

ಅನಂತರ ಕೊರೋನಾ ಬಂದಿತು. ಒಂದು ವರ್ಷ ಭೂಪಟವನ್ನು ನೋಡುತ್ತಲೇ ಕಳೆದೆವು.

2022ರ ಬೇಸಿಗೆಯಲ್ಲಿ ಸಾಗರದ ಕಡೆಗೆ ಹೋದೆವು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟಾದ ಮೇಲೆ ಶರಾವತಿಯ ಹಿನ್ನೀರು ಅಲ್ಲಿ ಗುಡ್ಡಗಳ ನಡುವೆ ಸಮುದ್ರದಂತೆ ಹರಡಿಕೊಂಡಿದೆ. ಆಗ ಹೊಳೆಬಾಗಿಲಿನಿಂದ ಸಿಗಂದೂರಿನ ಕಡೆಗೆ ಲಾಂಚಿನಲ್ಲಿ ದಾಟಬೇಕಾಗಿತ್ತು. 2025ರಲ್ಲಿ ದೊಡ್ಡ ಸೇತುವೆಯಾಯಿತು. ಆ ನೀರನ್ನು ಕಂಡ ಕೂಡಲೆ, ಇದೇ ನಾನು ಹುಡುಕುತ್ತಿದ್ದ ಸ್ಥಳ ಎನಿಸಿತು. ದಂಡೆಗೆ ಹತ್ತಿರದಲ್ಲಿ ಮಾರಾಟಕ್ಕಿದ್ದ ಒಂದು ಹೆಂಚಿನ ಮನೆಯನ್ನೂ ನೋಡಿದೆವು. ಮುಂಗಡ ಕೊಡಲು ಹಣವನ್ನು ಜೇಬಿನಲ್ಲಿಟ್ಟುಕೊಂಡಿದ್ದೆ.

ಲಾಂಚಿನ ಅಂಚಿನಲ್ಲಿ ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರು ನಿಂತಿದ್ದರು. “ಎಷ್ಟು ಚೆನ್ನಾಗಿದೆ!” ಎಂದೆ. ಅವರು, “ಹೌದು ಮಾರಾಯ್ರೆ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೀರಿನ ಒಂದು ಕಡೆಗೆ ಕೈ ತೋರಿಸಿ, “ಅಲ್ಲಿ ನಮ್ಮ ತೋಟ ಇತ್ತು. ಅದರಿಂದ ಈಚೆಗೆ ಮನೆ. ನೀರು ಬರ್ತದೆ ಅಂದಾಗ ಅಪ್ಪಯ್ಯ ಹೆಂಚು ಇಳಿಸಿದರು, ಬಾಗಿಲು ಕಿತ್ತರು. ಬಾವಿ ಮಾತ್ರ ಹೊತ್ತುಕೊಂಡು ಹೋಗಲಿಕ್ಕೆ ಆಗಲಿಲ್ಲ” ಎಂದರು. ಈ ಯೋಜನೆಯಿಂದ ನಾಡಿಗೆಲ್ಲ ದೀಪ ಬಂದಿತೆಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಆ ಬಾವಿಯ ಮಾತನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಅವರು ಪ್ರತಿ ಬೇಸಿಗೆಯಲ್ಲೂ ಒಮ್ಮೆ ಬಂದು ಈ ಲಾಂಚಿನಲ್ಲಿ ಹೋಗಿ ಬರುತ್ತಾರಂತೆ. ಬೇಸಿಗೆಯಲ್ಲಿ ನೀರು ತೀರ ತಗ್ಗಿದರೆ, ಮೊದಲೇ ಕಟ್ಟಿ ಆಮೇಲೆ ಮುಳುಗಿಹೋದ ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆಯೆತ್ತುತ್ತದೆ. ತಮ್ಮ ಬಾವಿಯೂ ಒಂದು ದಿನ ಕಾಣಬಹುದೆಂದು ಅವರು ನೋಡುತ್ತಿದ್ದರು.

ಹಣ ಜೇಬಿನಲ್ಲೇ ಉಳಿಯಿತು. ಬಸ್ಸಿನಲ್ಲಿ ಹೆಂಡತಿ, “ಮನೆ ಚೆನ್ನಾಗಿತ್ತಲ್ಲ?” ಎಂದಳು. “ಚೆನ್ನಾಗಿತ್ತು” ಎಂದೆ. ಆಕೆ ಮತ್ತೆ ಕೇಳಲಿಲ್ಲ.

ಇತ್ತ ಹೆಸರಘಟ್ಟದ ಕೆರೆಯ ಕಥೆಯೇನು? ಅದು ಎಷ್ಟೋ ವರ್ಷಗಳಿಂದ ಹುಲ್ಲುಗಾವಲಿನಂತೆ ಬಿದ್ದಿತ್ತು. ಅರ್ಕಾವತಿಗೆ ನೀರೂಡುತ್ತಿದ್ದ ಸಣ್ಣ ಕೆರೆಗಳು ಹೂಳು ತುಂಬಿದವು. ಕಾಲುವೆಗಳು ಬಡಾವಣೆಗಳ ಪಾಲಾದವು. ಹೊಲಗಳಲ್ಲಿ ನೀಲಗಿರಿ ಬಂತು, ಕೊಳವೆಬಾವಿಗಳು ಬಂದವು. ಮೇಲಿನ ನೀರು ಕೆಳಗಿಳಿದು ಮತ್ತೂ ಆಳಕ್ಕೆ ಹೋಯಿತು. ಮಾವನ ಬಿದಿರಿನ ಕೋಲುಗಳು ಅಟ್ಟದ ಮೇಲೆ ಹುಳು ಹಿಡಿದವು. ಅವರ ಕಣ್ಣಿನ ಬೆಳಕೂ ವರ್ಷದಿಂದ ವರ್ಷಕ್ಕೆ ಕುಂದುತ್ತ ಬಂದು, ಕೊನೆಗೆ ಹಗಲು ಇರುಳುಗಳ ವ್ಯತ್ಯಾಸವಷ್ಟೇ ತಿಳಿಯುವಂತಾಯಿತು. ಇಂಥ ಸ್ಥಿತಿಯಲ್ಲಿ ಅವರನ್ನು ಬಿಟ್ಟು ದೂರದ ದಂಡೆಯೊಂದರಲ್ಲಿ ಗಾಳ ಹಾಕಲು ಹೊರಟಿದ್ದೆನೆಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ.

2022ರ ಮಳೆ ಅಪಾರವಾದುದು. ಒಂದು ಬೆಳಗ್ಗೆ ಮಾವನಿಂದ ಫೋನು ಬಂತು. “ಅಳಿಯ, ಕೆರೆ ತುಂಬಿದೆಯಂತಲ್ಲ! ಬಂದು ನನ್ನನ್ನು ಕರೆದುಕೊಂಡು ಹೋಗು” ಎಂದರು. ಎಂಬತ್ತು ದಾಟಿದವರ ದನಿಯಂತಿರಲಿಲ್ಲ ಅದು. ಆಟೋ ಮಾಡಿಕೊಂಡು ಹೋದೆ. ಏರಿಯ ಮೇಲೆ ಜಾತ್ರೆಯೇ ನೆರೆದಿತ್ತು. ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬಾಕೆ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗರು ತಮ್ಮ ಊರಿನ ಕೆರೆಯಲ್ಲಿ ಇಷ್ಟು ನೀರನ್ನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಮಾವ ನನ್ನ ತೋಳು ಹಿಡಿದು ನಡೆದರು. ನಡುವೆ ಒಂದು ಕಡೆ ನಿಂತು ಮೂಗನ್ನು ಮೇಲೆತ್ತಿ ಗಾಳಿಯನ್ನು ಎಳೆದುಕೊಂಡರು. ಗಾಳವಿರಲಿಲ್ಲ, ಹರಿಗೋಲಿರಲಿಲ್ಲ. ಅವರು ಅದನ್ನು ಕೇಳಲೂ ಇಲ್ಲ.

“ಎಷ್ಟು ಸಾಲು ಒಣಗಿವೆ, ನೋಡು” ಎಂದರು.

ನಾನು ಬಗ್ಗಿ ಎಣಿಸಿ, “ಏಳು” ಎಂದೆ.

“ಗಾಳಿ ಈ ಕಡೆಗೆ ಬೀಸುತ್ತಿದೆ. ಅಲೆ ಹತ್ತಿ ಇನ್ನೊಂದು ಸಾಲು ಮುಚ್ಚಿರುತ್ತದೆ. ಅವಸರ ಮಾಡಬೇಡ, ಇನ್ನೊಮ್ಮೆ ನೋಡು.”

ಅಲೆ ಹಿಂದಕ್ಕೆ ಸರಿಯುವವರೆಗೆ ಕಾದೆ. ಒದ್ದೆಯಾದ ಇನ್ನೊಂದು ಸಾಲು ಹೊಳೆಯುತ್ತ ಮೇಲೆ ಕಾಣಿಸಿತು.

“ಎಂಟು, ಮಾವ” ಎಂದೆ.