ಬಿಸಿಯೋ, ತಣ್ಣಗೋ?

ನಮ್ಮ ಕಡೆಯ ಜನಕ್ಕೆ ಶಾಖದ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲಾದರೂ ಇದೆಯೋ ಇಲ್ಲವೋ ನಾನರಿಯೆ. ಸೊಂಟ ಹಿಡಿದರೆ ಶಾಖ, ಮಗುವಿಗೆ ಹೊಟ್ಟೆನೋವು ಬಂದರೆ ಶಾಖ, ಬಾಣಂತಿಗೆ ಶಾಖ, ಎತ್ತಿನ ಕಾಲು ಉಳುಕಿದರೂ ಶಾಖ. ಹುರಿದ ಉಪ್ಪಿನ ಗಂಟು, ಬಾಡಿಸಿದ ಎಕ್ಕದೆಲೆ, ಲಕ್ಕಿಸೊಪ್ಪು ಕುದಿಸಿದ ನೀರು, ಇವನ್ನು ಒಮ್ಮೆಯಾದರೂ ಕಾಣದ ಮೈ ಹಳೇಬೀಡಿನ ಸುತ್ತಮುತ್ತ ಇರಲಾರದು. ಶಾಸ್ತ್ರದ ಬೆಂಬಲವೂ ಇದಕ್ಕಿದೆ. ಚರಕಸಂಹಿತೆ ಶಾಖದಿಂದ ಬೆವರಿಸುವ ಚಿಕಿತ್ಸೆಯಲ್ಲಿಯೇ 13 ಬಗೆಗಳನ್ನು ಎಣಿಸುತ್ತದೆ. ತಣ್ಣಗಿನದರ ಮೇಲೆ ಮಾತ್ರ ನಮಗೆ ಹುಟ್ಟುಗುಣದ ಅನುಮಾನ. ಸೀನು ಬಂದರೂ ಶೀತ, ಕೀಲು ನೋವಾದರೂ ಶೀತ. ಹೀಗಿರುವಾಗ, ಲಕ್ವ ಹೊಡೆದ ಕೈಗೆ ಮಂಜುಗಡ್ಡೆ ತಾಗಿಸಬೇಕು ಎಂದು ನಿನ್ನೆ ಮೊನ್ನೆ ಓದು ಮುಗಿಸಿ ಬಂದ ಹುಡುಗಿಯೊಬ್ಬಳು ಹೇಳಿದರೆ ನಮ್ಮ ದೊಡ್ಡಮ್ಮನಂಥವರಿಗೆ ಹೇಗಾಗಬೇಡ!

ದೊಡ್ಡಪ್ಪ ಹಳೇಬೀಡಿನ ಕಡೆ ಮೇಷ್ಟರಾಗಿದ್ದು ನಿವೃತ್ತರಾದವರು. ಒಂದು ಮಾಗಿಯ ಬೆಳಗ್ಗೆ ಹಂಡೆಯ ಒಲೆಗೆ ಉರಿ ಹಾಕುತ್ತಿದ್ದಾಗ ಬಲಗೈಯ ಸೌದೆ ತಾನಾಗಿ ಜಾರಿತು. ತೆಗೆದುಕೊಳ್ಳಲು ಹೋದರೆ ಕೈ ಮಾತು ಕೇಳಲಿಲ್ಲ; ಬಾಯಿಯೂ ಓರೆಯಾಯಿತು. ನೆರೆಯವರೊಬ್ಬರು ಪಾರಿವಾಳದ ರಕ್ತ ಹಚ್ಚಿಸಲು ಕರೆದುಕೊಂಡು ಹೋಗೋಣವೆಂದರಂತೆ. ಪುಣ್ಯಕ್ಕೆ ಮಗ ಯಾರ ಮಾತಿಗೂ ನಿಲ್ಲದೆ ಕಾರಿನಲ್ಲಿ ಹಾಕಿಕೊಂಡು 30 ಕಿಲೋಮೀಟರು ದೂರದ ಹಾಸನಕ್ಕೆ ಹೊರಟುಬಿಟ್ಟ. ಮಿದುಳಿನ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡಿದ್ದರೆ ಅದನ್ನು ಕರಗಿಸುವ ಮದ್ದಿಗೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ; ಅದರೊಳಗೆ ತಲೆಯ ಸ್ಕ್ಯಾನೂ ಆಗಬೇಕು. ಪಾರಿವಾಳ ಹಿಡಿಯುವುದಕ್ಕೇ ಅಷ್ಟು ಹೊತ್ತಾಗುತ್ತಿತ್ತು.

ಜೀವ ಉಳಿಯಿತು, ಮಾತು ತೊದಲಿದರೂ ಬಂತು. ಕಾಲು ಒಂದೆರಡು ತಿಂಗಳಲ್ಲಿ ಕೋಲಿನ ನೆರವಿನಿಂದ ನಡೆಯತೊಡಗಿತು. ಕೈ ಮಾತ್ರ ಹೆಗಲಿನಿಂದ ಜೋತಾಡಿಕೊಂಡೇ ಇತ್ತು. ಬಹಳ ಮಂದಿಗೆ ಹೀಗೆಯೇ ಆಗುತ್ತದಂತೆ: ಕಾಲು ಮೊದಲು, ಕೈ ಆಮೇಲೆ, ಬೆರಳು ಎಲ್ಲಕ್ಕಿಂತ ಕೊನೆಗೆ. ಕಾಲಿನದು ಒರಟು ಕೆಲಸ. ಮೈ ಹೊತ್ತರೆ ಸಾಕು. ಕೈ ಎಂದರೆ ಗುಂಡಿ ಹಾಕಬೇಕು, ತುತ್ತು ಕಲಸಬೇಕು, ಅಕ್ಷರ ಬರೆಯಬೇಕು.

ಅಕ್ಷರದ ಮಾತು ಬಂದಾಗಲೇ ದೊಡ್ಡಪ್ಪನಿಗೆ ನಿಜವಾದ ಪೆಟ್ಟು ಬಿದ್ದದ್ದು. ಯಾವುದೋ ಕಾಗದಕ್ಕೆ ರುಜು ಬೇಕಾಯಿತು. ಕಚೇರಿಯವನು ಮರ್ಯಾದೆಯಿಂದಲೇ ಶಾಯಿಯ ಡಬ್ಬಿ ಮುಂದಿಟ್ಟ. ಮೂರು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿ, ಹೆಬ್ಬೆಟ್ಟಿನವರು ಎಂಬ ಹೆಸರು ಅವರ ಮನೆತನಗಳಿಂದ ಅಳಿಸಿದವರು ಇವರು. ಹೆಬ್ಬೆಟ್ಟು ಒತ್ತಿ ಮನೆಗೆ ಬಂದು ಎರಡು ದಿನ ಯಾರ ಸಂಗಡವೂ ಮಾತಾಡಲಿಲ್ಲ.

ದೊಡ್ಡಮ್ಮ ಉಪ್ಪು ಹುರಿಯಲು ಶುರುಮಾಡಿದ್ದು ಆ ಮೂರನೆಯ ದಿನದಿಂದ. ಹೊತ್ತಾರೆ ಒಂದು ಸಲ, ಸಂಜೆ ಒಂದು ಸಲ ಗಂಟು ಕಟ್ಟಿ ಹೆಗಲಿನಿಂದ ಬೆರಳಿನ ತನಕ ಒತ್ತುತ್ತಿದ್ದರು. “ಬಿಸಿ ಆಯಿತೇ?” ಎಂದರೆ ದೊಡ್ಡಪ್ಪ “ಇಲ್ಲ” ಎನ್ನುವರು. ಅವರು ಹೇಳಿದ್ದು ನಿಜವೇ, ಆ ಕೈಗೆ ಬಿಸಿ ಆಗುತ್ತಲೇ ಇರಲಿಲ್ಲ. ದೊಡ್ಡಮ್ಮ ಇನ್ನಷ್ಟು ಕಾಯಿಸಿದರು. ಮರುದಿನ ಬೆಳಗ್ಗೆ ಅಂಗೈ ಹಿಂಭಾಗದಲ್ಲಿ ಕೋಳಿಮೊಟ್ಟೆಯಷ್ಟು ಬೊಬ್ಬೆ ಎದ್ದಿತ್ತು. ದೊಡ್ಡಪ್ಪ ಅದನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತ ಕುಳಿತಿದ್ದರು.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಕ್ವವಾದ ಕೈಯಲ್ಲಿ ಕೆಟ್ಟಿರುವುದು ಕೈಯಲ್ಲ, ತಲೆ. ಬಲಗೈಯ ಯಜಮಾನಿಕೆ ಮಿದುಳಿನ ಎಡಭಾಗದ್ದು. ಅಲ್ಲಿ ಗಾಯವಾದರೆ ಅಪ್ಪಣೆ ಕೆಳಗೆ ಬರುವುದೂ ನಿಲ್ಲಬಹುದು, ಸುದ್ದಿ ಮೇಲೆ ಹೋಗುವುದೂ ನಿಲ್ಲಬಹುದು. ಮುಟ್ಟಿದ್ದು ತಿಳಿಯುವ ದಾರಿ ಬೇರೆ, ಬಿಸಿ, ತಣ್ಣಗು, ನೋವು ತಿಳಿಯುವ ದಾರಿ ಬೇರೆ. ಆದ್ದರಿಂದ ಕೈ ಮುಟ್ಟಿದರೆ ಅರಿವಾಗುವ ರೋಗಿಗೂ ಕೆಂಡ ತಗುಲಿದ್ದು ತಿಳಿಯದೆ ಹೋಗಬಹುದು. ಚರ್ಮ ಮಾತ್ರ ಎಂದಿನ ಚರ್ಮವೇ. 60 ಡಿಗ್ರಿ ಕಾವಿನ ನೀರು ಅದನ್ನು ಸುಡಲು ಕೆಲವೇ ಸೆಕೆಂಡು ಸಾಕು. ಕೈಗೆ ಬಿಸಿ ತಿಳಿಯದಿದ್ದರೆ ಇನ್ನೂ ಕಾಯಿಸುವುದು ಪ್ರೀತಿಯ ಲೆಕ್ಕಕ್ಕೆ ಸರಿ, ಚರ್ಮದ ಲೆಕ್ಕಕ್ಕೆ ಅಲ್ಲ.

ಬೊಬ್ಬೆ ಮಾಗಿದ ಮೇಲೆ ಹಾಸನದಿಂದ ವಾರಕ್ಕೆರಡು ಸಲ ಫಿಸಿಯೋಥೆರಪಿಯ ಹುಡುಗಿ ಬರತೊಡಗಿದಳು. ದೊಡ್ಡಮ್ಮನನ್ನು ಅವಳು ಗದರಿಸಲಿಲ್ಲ. ಶಾಖ ಕೊಡೋಣ, ಆದರೆ ಕೈಗಲ್ಲ, ತಲೆಗೆ ಸುದ್ದಿ ಮುಟ್ಟಿಸುವುದಕ್ಕೆ ಎಂದಳು. ಬಿಸಿ ಚೀಲವೊಂದು, ಮಂಜುಗಡ್ಡೆಯ ಚೀಲವೊಂದು, ಎರಡಕ್ಕೂ ದಪ್ಪ ಟವೆಲಿನ ಸುತ್ತು. ಮೊದಲು ಚೆನ್ನಾಗಿರುವ ಎಡಗೈಗೆ ತಾಗಿಸಿ ‘ಇದು ಬಿಸಿ, ಇದು ತಣ್ಣಗೆ’ ಎಂದು ಪರಿಚಯ ಮಾಡಿಸುವುದು, ಅನಂತರ ಬಲಗೈಗೆ ಕೆಲವೇ ಸೆಕೆಂಡು, ಸ್ವಲ್ಪ ಬಿಡುವು, ಮತ್ತೆ ಇನ್ನೊಂದು ಚೀಲ. ತಾಗಿದ್ದು ಅರಿವಾದ ಕೂಡಲೆ ಕೈ ಎಳೆದುಕೊಳ್ಳಲು ರೋಗಿ ತಾನೇ ಹೆಣಗಬೇಕು. ಹೆಣಗದೆ ಸುಮ್ಮನೆ ಕಾವು ಹೀರಿಕೊಂಡು ಕುಳಿತರೆ ಹಿತವಾಗಬಹುದು, ಅಷ್ಟೆ.

“ಕಣ್ಣು ಮುಚ್ಚಿ ಮೇಷ್ಟ್ರೇ. ಬಿಸಿಯೋ, ತಣ್ಣಗೋ?”

“ತಣ್ಣಗೆ ಅಂತಿಟ್ಕೊಳ್ಳಮ್ಮ.”

“ಇಟ್ಕೊಳ್ಳೋದಲ್ಲ ಸಾರ್, ಗೊತ್ತಾದರೆ ಹೇಳಿ. ಇಲ್ಲದಿದ್ದರೆ ಇಲ್ಲ ಅನ್ನಿ.”

ಲೆಕ್ಕಕ್ಕೆ ಅಂದಾಜಿನ ಉತ್ತರ ಹೇಳುವ ಹುಡುಗರ ಕಿವಿ ಹಿಂಡುತ್ತಿದ್ದವರಿಗೆ ಬಂದ ಗತಿ!

ದೊಡ್ಡಮ್ಮ ನನ್ನನ್ನು ಒಳಗೆ ಕರೆದು ಪಿಸುಮಾತಿನಲ್ಲಿ, “ಶೀತದಿಂದ ಬಂದ ಲಕ್ವಕ್ಕೆ ಮತ್ತೆ ಶೀತವೇ? ನೀನೂ ಓದಿದವನು ಮಗಾ, ಹೇಳಬಾರದೇ?” ಎಂದರು. ಓದಿದವನೆಂಬ ಹೆಸರು ಉಳಿಸಿಕೊಳ್ಳಲು ಊರಿಗೆ ಬಂದು ಒಂದಿಷ್ಟು ಹುಡುಕಿದೆ. ಅಮೆರಿಕದ ಮಾರ್ಗರೆಟ್ ರೂಡ್ ಎಂಬಾಕೆ 1950ರ ದಶಕದಲ್ಲೇ ಮಂಜುಗಡ್ಡೆಯನ್ನೂ ಬ್ರಷ್ಷನ್ನೂ ಚರ್ಮಕ್ಕೆ ತಾಗಿಸಿ ಸ್ನಾಯುಗಳನ್ನು ಎಚ್ಚರಿಸುವ ಪ್ರಯತ್ನ ನಡೆಸಿದ್ದರು. ಬಿಗಿದುಕೊಂಡ ಕೈ ತಣ್ಣಗಿನಿಂದ ಸ್ವಲ್ಪ ಹೊತ್ತು ಸಡಿಲಗೊಳ್ಳುವುದೂ ಗೊತ್ತಿರುವ ಮಾತೇ. 2005ರಲ್ಲಿ ತೈವಾನಿನ ವೈದ್ಯರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹೊಸದಾಗಿ ಪಾರ್ಶ್ವವಾಯುವಾದ ಕೆಲವರಿಗೆ ಮಾಮೂಲು ಚಿಕಿತ್ಸೆ, ಉಳಿದವರಿಗೆ ಅದರ ಜೊತೆಗೆ ಬಿಸಿ ತಣ್ಣಗಿನ ಸರದಿ, ಹೀಗೆ 6 ವಾರ. ಸರದಿ ಪಡೆದವರಲ್ಲಿ ಚರ್ಮದ ಅರಿವೂ ಮಣಿಕಟ್ಟು ಮೇಲೆತ್ತುವ ಶಕ್ತಿಯೂ ಹೆಚ್ಚು ಚೇತರಿಸಿದ್ದುವು. ಆದರೆ ಕೊನೆಯ ತನಕ ಉಳಿದವರು ಒಟ್ಟು 29 ಮಂದಿ. ಒಂದು ಮದುವೆ ಪಂಕ್ತಿಗೂ ಸಾಲದ ಸಂಖ್ಯೆ. ಅದರ ಮೇಲೆ ಜಾಗಟೆ ಬಾರಿಸುವಂತಿಲ್ಲ. ದಿನನಿತ್ಯದ ಅಂಗಸಾಧನೆಗೆ ಇದು ಜೊತೆಗಾರನೇ ಹೊರತು ಬದಲಿಯಲ್ಲ ಎಂದು ಆ ಹುಡುಗಿಯೂ ಹೇಳುತ್ತಿದ್ದಳು. ನೀರಿನ ಕಾವನ್ನು ರೋಗಿಯ ಕೈಯಿಂದ ನೋಡಕೂಡದು, ಮಗುವಿಗೆ ಎರೆಯುವ ಅಜ್ಜಿಯರು ಮೊಣಕೈ ಅದ್ದಿ ನೋಡುವಂತೆ ಬೇರೆಯವರು ನೋಡಬೇಕು. ಪ್ರತಿ ಸಲವೂ ಚರ್ಮ ಕೆಂಪಾಯಿತೇ ಎಂದು ಪರೀಕ್ಷಿಸಬೇಕು. ಸಕ್ಕರೆ ಕಾಯಿಲೆಯಿದ್ದರೆ ವೈದ್ಯರನ್ನು ಕೇಳದೆ ಕೈ ಹಾಕಬಾರದು. ಇನ್ನೊಂದನ್ನು ಆಕೆ ನಮಗೆಲ್ಲ ಗಟ್ಟಿಯಾಗಿ ಹೇಳಿದಳು: ಎಬ್ಬಿಸಿ ಕೂರಿಸುವಾಗ ಆ ಕೈ ಹಿಡಿದು ಎಳೆಯಬೇಡಿ, ಹೆಗಲ ಕೀಲು ಜಾರುತ್ತದೆ. ನೋಡಲು ಬಂದ ನೆಂಟರೆಲ್ಲ ಮಾಡುತ್ತಿದ್ದುದು ಅದನ್ನೇ.

ಸಂಜೆ ವೇಳೆ ದೊಡ್ಡಪ್ಪನನ್ನು ಹೊಯ್ಸಳೇಶ್ವರನ ಗುಡಿಯ ತನಕ ನಡೆಸಿಕೊಂಡು ಹೋಗುತ್ತಿದ್ದೆವು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿ. ನಮಗೆ ಅದು ಊರ ಮುಂದಿನ ಜಗಲಿ. ಬಿಸಿಲಿಗೆ ಕಾದ ಜಗತಿಯ ಕಲ್ಲಿನ ಮೇಲೆ ಬರಿಗಾಲಿನ ಪ್ರವಾಸಿಗಳು ಕುಣಿಯುತ್ತ ಓಡುವುದನ್ನು ನೋಡಿಯೇ ನಾವು ಬೆಳೆದದ್ದು. ದೊಡ್ಡಪ್ಪ ಒಂದು ದಿನ ನಿಂತು, “ಎಡಗಾಲು ಸುಡುತ್ತೆ ಕಣೋ. ಬಲಗಾಲಿಗೆ ಇನ್ನೂ ಸುದ್ದಿ ಬಂದಿಲ್ಲ” ಎಂದರು. ಗೋಡೆಯ ವಿಗ್ರಹಗಳ ಮುರಿದ ಕೈಗಳನ್ನು ಕಂಡು ಯಾರೋ ಲೊಚಗುಟ್ಟುತ್ತಿದ್ದರು. ಅವರ ಕಡೆ ತಿರುಗಿ, “ನನ್ನದು ಇದೆಯಪ್ಪ, ಕೆಲಸಕ್ಕೆ ಬರಬೇಕು ಅಷ್ಟೆ” ಎಂದರು. ಕಾಯಿಲೆಯಾದ ಮೇಲೆ ಅವರು ಆಡಿದ ಮೊದಲ ನಗೆಮಾತು ಅದು.

ಕೈ ಬಂತೇ ಎಂದು ಕೇಳಿದರೆ, ಪೂರ್ತಿ ಬರಲಿಲ್ಲ. ಎರಡನೆಯ ತಿಂಗಳ ಹೊತ್ತಿಗೆ ಬಿಸಿಯನ್ನು ಹತ್ತಕ್ಕೆ ಏಳೆಂಟು ಸಲ ಸರಿಯಾಗಿ ಹೇಳುತ್ತಿದ್ದರು. ತಣ್ಣಗು ನಿಧಾನವಾಗಿ ಬಂತು. ಆಮೇಲೆ ಮಣಿಕಟ್ಟು ಎದ್ದಿತು. ಹೆಬ್ಬೆರಳೂ ತೋರುಬೆರಳೂ ಕೂಡಿದವು. ಕಾಫಿಯ ಲೋಟವನ್ನು ಎಡಗೈ ಎತ್ತಿದರೆ ಬಲಗೈ ಆನಿಸಿಕೊಳ್ಳುವಷ್ಟಾಯಿತು. ಸೀಮೆಸುಣ್ಣ ಹಿಡಿಯುತ್ತಾರೆ. ಅಕ್ಷರ ಒಂದನೆಯ ತರಗತಿಯವರದು, ದಪ್ಪಕ್ಕೆ, ಓರೆಯಾಗಿ. ಇದರಲ್ಲಿ ಚೀಲಗಳ ಪಾಲೆಷ್ಟು, ಅಂಗಸಾಧನೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬಿಡಿಸಲು ಬಾರದು. ದೊಡ್ಡಮ್ಮನಂತೂ ಬಿಸಿಯ ಚೀಲದ ಕಡೆಗೇ ಎಲ್ಲ ಕೀರ್ತಿಯನ್ನೂ ಬರೆದಿಟ್ಟಿದ್ದಾರೆ.

ಕಳೆದ ನವೆಂಬರಿನಲ್ಲಿ ಪಿಂಚಣಿಗಾಗಿ ಬದುಕಿರುವುದನ್ನು ರುಜುವಾತು ಮಾಡಲು ಅವರನ್ನು ಕರೆದುಕೊಂಡು ಹೋಗಿದ್ದೆ. 2014ರಿಂದ ಇದಕ್ಕೂ ಯಂತ್ರ ಬಂದಿದೆ. ಡಾಕ್ಟರರಾಗಲಿ ಜಡ್ಜಿಯಾಗಲಿ ಗಾಜಿನ ಮೇಲೆ ಬೆರಳು ಒತ್ತಿದರೆ ಆಯಿತು. ದೊಡ್ಡಪ್ಪನಿಗೆ ಅದರಿಂದ ಸಮಾಧಾನವಾಯಿತೆಂದು ಹೇಳಲಾರೆ. ಎಡಗೈ ಕೊಡಬಹುದು ಎಂದು ಹುಡುಗ ಹೇಳಿದರೂ ಅವರು ಬಲಗೈಯನ್ನೇ ನಿಧಾನವಾಗಿ ಮೇಜಿನ ಮೇಲೆ ತಂದು ಹೆಬ್ಬೆರಳನ್ನು ಗಾಜಿಗೆ ತಾಗಿಸಿದರು. ತಾಗಿಸಿದವರು ಚಕ್ಕನೆ ತಲೆಯೆತ್ತಿ, “ತಣ್ಣಗಿದೆಯಲ್ಲಯ್ಯ!” ಎಂದರು.

ಹುಡುಗ ಏನು ತಪ್ಪಾಯಿತೋ ಎಂದು ಗಾಬರಿಗೊಂಡು ಗಾಜನ್ನು ಒರೆಸಿದ.