ಏಳನೆಯ ಕಾಲಂ

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಅರ್ಜಿ ನಮೂನೆಗಳೆಂದರೆ ಹೆದರಿಕೆಯಿಲ್ಲ. ಜನರು ತುಂಬಿ ತಂದ ನಮೂನೆಗಳಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅಂಥವನ ನಿದ್ದೆಯನ್ನು ಕಳೆದ ಜೂನ್ ತಿಂಗಳಲ್ಲಿ ಒಂದು ನಮೂನೆ ಕೆಡಿಸಿತು.

ಮಗಳು ಹತ್ತನೆಯ ತರಗತಿ ಮುಗಿಸಿ ಇಂಟರ್‌ಮೀಡಿಯೆಟ್ ಸೇರುವ ಸಮಯ. ಕಾಲೇಜಿನ ಅರ್ಜಿಯನ್ನು ತಾನೇ ತುಂಬಿ ಸಹಿಗಾಗಿ ನನ್ನ ಮುಂದಿಟ್ಟಳು. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಸರಿಯಾಗಿತ್ತು. ಏಳನೆಯ ಕಾಲಂ ಮಾತೃಭಾಷೆಯದು. ಅದರೆದುರು 'ತೆಲುಗು' ಎಂದು ಬರೆದಿದ್ದಳು. ಅದೂ ಪೆನ್ಸಿಲಿನಲ್ಲಲ್ಲ, ಪೆನ್ನಿನಲ್ಲಿ.

"ಇದೇನಮ್ಮ, ನಾವು ಕನ್ನಡದವರಲ್ಲವೆ?" ಎಂದೆ.

"ನೀವು ಕನ್ನಡದವರಪ್ಪ. ಅಲ್ಲಿ ಕೇಳಿರೋದು ಮಾತೃಭಾಷೆ. ಅಮ್ಮನದು ತೆಲುಗು ತಾನೆ?"

ನನ್ನಾಕೆ ವರಂಗಲ್ಲಿನವಳು. ಇಬ್ಬರೂ ಮೆಚ್ಚಿ ಮಾಡಿಕೊಂಡ ಮದುವೆ. ಆದರೂ ನನಗೆ ಸಿಟ್ಟು ಬಂತು. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದ್ದಕ್ಕೆ ಇದೇ ಫಲವೆ ಎಂದು ಕೂಗಾಡಿದೆ. ಸಹಿ ಹಾಕಲಿಲ್ಲ. ಮಗಳು ಅಳಲಿಲ್ಲ, ನಮೂನೆಯನ್ನು ಮಡಚಿಕೊಂಡು ಒಳಗೆ ಹೋದಳು. ನನ್ನಾಕೆ ಆ ರಾತ್ರಿ ಬಡಿಸಿದಳು, ಮಾತಾಡಲಿಲ್ಲ.

ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಗೆ ಈ ಕಥೆ ಹೇಳಿದೆ. ಇವರ ವಿಷಯ ಸ್ವಲ್ಪ ಹೇಳಬೇಕು. ಇವರು ಮಾಸಾಬ್ ಟ್ಯಾಂಕ್ ಹತ್ತಿರದ ಎ.ಸಿ. ಗಾರ್ಡ್ಸ್‌ನವರು. ನಮ್ಮ ಊರಿನ ಎಷ್ಟೋ ಜನರಿಗೆ ಆ ಹೆಸರಿನ ಅರ್ಥ ತಿಳಿಯದು. ನಿಜಾಮರ ಕಾಲದ 'ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್' ಎಂಬ ಕುದುರೆಪಡೆಯ ಜನ ನೆಲೆಸಿದ್ದ ಕೇರಿ ಅದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ನಿಜಾಮರ ಸೈನ್ಯ ಕರಗಿತು, ಕುದುರೆಗಳೂ ಹೋದವು. ಜನ ಮಾತ್ರ ಅಲ್ಲೇ ಉಳಿದರು. ಆಫ್ರಿಕಾದಿಂದ ಬಂದ ಸಿದ್ದಿಗಳ ಆ ಮಕ್ಕಳು ಮೊಮ್ಮಕ್ಕಳು ಮಾತಾಡುವುದು ಹೈದರಾಬಾದಿನ ಅಪ್ಪಟ ದಖನಿ.

ನಾನು ಈ ಕಚೇರಿಗೆ ಬಂದ ಹೊಸದರಲ್ಲಿ ಅವರ ಗುಂಗುರು ಕೂದಲು ನೋಡಿ, "ಭಾಯಿ, ನಿಮ್ಮ ಮೂಲ ಯಾವುದು?" ಎಂದು ಕೇಳಿದ್ದೆ.

"ಎ.ಸಿ. ಗಾರ್ಡ್ಸ್."

"ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ನಮ್ಮಪ್ಪ. ಅವರದೂ ಎ.ಸಿ. ಗಾರ್ಡ್ಸ್."

ಅವರು ನಕ್ಕಿದ್ದರು, ನಾನೂ ನಕ್ಕಿದ್ದೆ. ಆದರೆ ಆ ಪ್ರಶ್ನೆಯನ್ನು ಅವರು ದಿನಕ್ಕೊಮ್ಮೆಯಾದರೂ ಕೇಳಿಸಿಕೊಳ್ಳುತ್ತಾರೆಂದು ನನಗೆ ಆಗ ಹೊಳೆದಿರಲಿಲ್ಲ.

ಬಿ.ಎಸ್‌ಸಿ. ಓದಿದ ಚಪಲ ಇನ್ನೂ ಬಿಟ್ಟಿಲ್ಲ. ಆಮೇಲೆ ಈ ವಿಷಯವನ್ನು ಹುಡುಕಿ ಓದಿದೆ. ನಮ್ಮ ಹಬ್ಸಿಗೂಡದ ಸಿ.ಸಿ.ಎಂ.ಬಿ. ವಿಜ್ಞಾನಿಗಳು 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳ ಅಧ್ಯಯನ ಪ್ರಕಟಿಸಿದರು. ಆಫ್ರಿಕಾದ ಅಂಶದ ಜೊತೆಗೆ ಭಾರತದ ಅಂಶವೂ ಅವರ ರಕ್ತದಲ್ಲಿ ಬೆರೆತಿದೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಆಡುವ ಮಾತು ಕನ್ನಡ, ಕೊಂಕಣಿ. ಅವರು ಕೇಂದ್ರದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಸಮುದ್ರದಾಚೆಯಿಂದ ಬಂದವರು ಒಂದು ಕಡೆ ದಖನಿಯವರಾದರು, ಇನ್ನೊಂದು ಕಡೆ ಕನ್ನಡಿಗರಾದರು. ನೆಲ ಮತ್ತು ನೆರೆಹೊರೆ ಅವರನ್ನು ಹಾಗೆ ಮಾಡಿದವು.

ಇದೇ ಸಿ.ಸಿ.ಎಂ.ಬಿ.ಯವರು 2009ರಲ್ಲಿ ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ ಇನ್ನೊಂದು ಮಾತು ತೋರಿಸಿಕೊಟ್ಟಿದ್ದರು: ಭಾರತದ ಬಹುತೇಕ ಎಲ್ಲ ಜನರೂ ಎರಡು ಪುರಾತನ ಮೂಲಗಳ ಬೆರಕೆ. ಎಂದಮೇಲೆ ಬೆರಕೆ ಎಂಬುದು ಬೈಗುಳವಾಗಬೇಕಿಲ್ಲ. ಅದು ನಮ್ಮೆಲ್ಲರ ಕುಲನಾಮ.

ಮಿತ್ರರು ನನ್ನ ದೂರನ್ನೆಲ್ಲ ಕೇಳಿ ಒಂದೇ ಮಾತು ಕೇಳಿದರು: "ನಿಮ್ಮ ಮೂಲ ಯಾವುದು, ಭಾಯಿ?"

"ಭಾಲ್ಕಿ" ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ನಮ್ಮ ಅಜ್ಜ ಭಾಲ್ಕಿ ತಾಲ್ಲೂಕಿನವರು, ನಿಜ. ಆದರೆ ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವರು, ಉದಗೀರಿನ ಮರಾಠಿ ಮನೆಯವರು. ನನ್ನ ತಾಯಿ ಜಹೀರಾಬಾದಿನ ಕಡೆಯವರು. ಇವರ ಮದುವೆಗಳೇನೂ ದೂರದ ಸಂಬಂಧಗಳಲ್ಲ. 1956ರ ನವೆಂಬರ್ 1ರವರೆಗೆ ಭಾಲ್ಕಿ, ಉದಗೀರ, ಜಹೀರಾಬಾದು ಮೂರೂ ಹೈದರಾಬಾದ್ ರಾಜ್ಯದ ಒಂದೇ ಬೀದರ್ ಜಿಲ್ಲೆಯಲ್ಲಿದ್ದವು. ಅಂದು ಭಾಲ್ಕಿ ಮೈಸೂರಿಗೆ ಹೋಯಿತು, ಉದಗೀರ ಮುಂಬಯಿಗೆ, ಜಹೀರಾಬಾದು ಆಂಧ್ರಕ್ಕೆ. ಇಂದು ಅವು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಲ್ಲಿವೆ. ವಿಕಾರಾಬಾದಿನಿಂದ ಪರಳಿಗೆ ಹೋಗುವ ರೈಲುಹಾದಿ ಮಾತ್ರ ಈಗಲೂ ಮೂರನ್ನೂ ಮುಟ್ಟಿಕೊಂಡೇ ಹೋಗುತ್ತದೆ. ಸರ್ಕಾರ ಹಂಚಿದ ಹಳೆಯ ಬೀದರ್ ಜಿಲ್ಲೆ ನಮ್ಮ ಮನೆಯೊಳಗೆ ಹಂಚಿಹೋಗದೆ ಉಳಿದಿತ್ತು.

ನನ್ನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದು ಆಯಿಯ ಮಡಿಲಲ್ಲಿ. ನನಗೆ ಮಾತು ಕಲಿಸಿದವರು ಅವರೇ. ಮದುವೆಯಾಗಿ ಬಂದಾಗ ಅವರಿಗೆ ಕನ್ನಡದ ಒಂದು ಶಬ್ದವೂ ಬರುತ್ತಿರಲಿಲ್ಲವಂತೆ. ಬಾವಿಕಟ್ಟೆಯಲ್ಲಿ, ಹೊಲದಲ್ಲಿ ಕಲಿತರಂತೆ. ರೊಟ್ಟಿ ಎಣಿಸುವುದು, ದೇವರಿಗೆ ಕೈಮುಗಿಯುವುದು ಕೊನೆಯವರೆಗೂ ಮರಾಠಿಯಲ್ಲೇ. ನಮ್ಮೊಡನೆ ಮಾತ್ರ ಕನ್ನಡ. ಯಾಕೆಂದು ಒಮ್ಮೆ ಕೇಳಿದ್ದೆ. "ಕೂಸು ಯಾವ ಅಂಗಳದಾಗ ಆಡ್ತದೋ ಆ ಅಂಗಳದ ಮಾತು ಕಲೀಬೇಕಪಾ" ಎಂದಿದ್ದರು. ನಾನು ಅಭಿಮಾನದಿಂದ ಎದೆತಟ್ಟಿಕೊಳ್ಳುವ ಕನ್ನಡ ನನಗೆ ಬಂದದ್ದು ಮರಾಠಿ ಹೆಂಗಸಿನ ಬಾಯಿಂದ.

1999ರಲ್ಲಿ ಆಯಿ ತೀರಿಕೊಂಡಾಗ ನಾನು ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೆ. ಕೊನೆಯ ನಾಲ್ಕು ದಿನ ಅವರಿಗೆ ಕನ್ನಡ ಮರೆತುಹೋಯಿತು, ಬರೀ ಮರಾಠಿ. ಒಂದು ಮಧ್ಯಾಹ್ನ ಹತ್ತಿರ ನಾನೊಬ್ಬನೇ ಇದ್ದೆ. ಏನನ್ನೋ ಮತ್ತೆ ಮತ್ತೆ ಕೇಳಿದರು. ನೀರು ಕೊಟ್ಟೆ, ಹೊದಿಸಿದೆ. ಅದಲ್ಲ ಎಂದು ತಲೆಯಾಡಿಸಿದರು. ಪಕ್ಕದ ಮನೆಯ ಲಾತೂರಿನ ಬಾಯಿಯವರನ್ನು ಓಡಿಹೋಗಿ ಕರೆತಂದೆ. "ಮಳೆ ಬರ್ತಿದೆ, ಹಿತ್ತಲ ಬಾಗಿಲು ಹಾಕಿದ್ರಾ ಅಂತ ಕೇಳ್ತಿದಾರೆ" ಎಂದರು ಅವರು. ನಮ್ಮ ಮನೆಗೆ ಹಿತ್ತಲೇ ಇರಲಿಲ್ಲ. ಅದು ಉದಗೀರಿನ ಮನೆಯ ಬಾಗಿಲು. ಐವತ್ತು ವರ್ಷ ನಮಗಾಗಿ ತಮ್ಮ ಮಾತು ಬಿಟ್ಟವರಿಗೆ ಅವರ ಮಾತಿನಲ್ಲಿ "ಹಾಕಿದೀನಿ ಆಯಿ" ಎನ್ನಲು ನನಗೆ ಬರಲಿಲ್ಲ.

ಇದನ್ನು ಮಿತ್ರರಿಗೆ ಹೇಳುವಷ್ಟರಲ್ಲಿ ನನಗೇ ನನ್ನ ತಪ್ಪು ಕಂಡಿತು. ಆಯಿ ತಾವಾಗಿ ಕೊಟ್ಟದ್ದನ್ನು ನಾನು ನನ್ನ ಹೆಂಡತಿಯಿಂದ ಬಾಕಿ ವಸೂಲಿಯಂತೆ ಕೇಳುತ್ತಿದ್ದೆ.

ಗುಮಾಸ್ತನಿಗೆ ನಿಯಮವೇ ಆಸರೆ. ಮಾತೃಭಾಷೆಯೆಂದರೇನು? ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ ಎನ್ನುತ್ತದೆ ನಮ್ಮ ಜನಗಣತಿಯ ವ್ಯಾಖ್ಯೆ. ತಾಯಿಯ ಜಾತಿ, ತಂದೆಯ ಊರು ಯಾವುದನ್ನೂ ಅದು ಕೇಳುವುದಿಲ್ಲ. ಆ ಲೆಕ್ಕದಲ್ಲಿ ಆಯಿಯ ಮಗನಾದ ನನ್ನ ಅಪ್ಪನ ಮಾತೃಭಾಷೆ ಕನ್ನಡವೇ ಸರಿ. ಅದೇ ಲೆಕ್ಕದಲ್ಲಿ, ತೆಲುಗಿನ ಜೋಗುಳ ಕೇಳಿ ಮಲಗಿದ ನನ್ನ ಮಗಳು ಬರೆದದ್ದೂ ಸರಿ. 2011ರ ಗಣತಿಯಲ್ಲಿ, ತಿಳಿದ ಇನ್ನೆರಡು ಭಾಷೆಗಳನ್ನು ಬರೆಸಲು ಬೇರೆ ಕಾಲಂ ಇತ್ತು. ಅಲ್ಲಿ ಕನ್ನಡ ಬರೆಸುವಂತೆ ಮಗಳನ್ನು ಬೆಳೆಸುವ ಹೊಣೆ ನನ್ನದಾಗಿತ್ತು. ವರ್ಷಕ್ಕೊಂದು ದಿನ ಮುಂದಿನ ಸಾಲಿನಲ್ಲಿ ಕೂರಿಸಿದರೆ ಆ ಹೊಣೆ ತೀರುವುದಿಲ್ಲ. ನಮ್ಮ ಸಂಘದ ಸದಸ್ಯರಲ್ಲಿ ನನ್ನಂಥವರು ಇನ್ನೂ ಕೆಲವರು ಇರಬಹುದೆಂದೇ ಇದನ್ನು ಬರೆಯುತ್ತಿದ್ದೇನೆ.

ಸಂಜೆ ಮನೆಗೆ ಬಂದು ನಮೂನೆ ಕೇಳಿ ಪಡೆದು ಸಹಿ ಹಾಕಿದೆ. ಏಳನೆಯ ಕಾಲಂ ತಿದ್ದಲಿಲ್ಲ. ನನ್ನಾಕೆ ಒಳಗಿನಿಂದ ನೋಡುತ್ತಿದ್ದಳು, ಚಹಾ ತಂದಿಟ್ಟಳು. ಮಗಳಿಗೆ ಆಯಿಯ ಕಥೆಯನ್ನೆಲ್ಲ ಕನ್ನಡದಲ್ಲೇ ಹೇಳಿದೆ. ತಿಳಿಯದ ಕಡೆ ಅವಳು ತಡೆದು ಕೇಳಿದಳು.

"ಆಯಿ ರೊಟ್ಟಿ ಹೇಗೆ ಎಣಿಸ್ತಿದ್ರಪ್ಪ?"

ಏಕ್, ದೋನ್, ತೀನ್ ಎಂದು ಶುರುಮಾಡಿದೆ. ಹತ್ತರವರೆಗೆ ಹೇಳಿದೆ. ಮುಂದೆ ಬರಲಿಲ್ಲ.